ಹೊಳೆ ದಾಟಿದ ಟಿ.ಸಿ.

ಅಕ್ಕೋರ ಸೀರೆಯ ಅಂಚಿನಲ್ಲಿ ಯಾವಾಗಲೂ ಒಂದು ಕೆಸರಿನ ಗೆರೆ ಇರುತ್ತಿತ್ತು. ಹೊಳೆಯಲ್ಲಿ ಭರತವಿದ್ದ ದಿನ ಅದು ಬೆರಳಗಲ ಮಾತ್ರ, ಏಕೆಂದರೆ ದೋಣಿ ದಡದ ಕಲ್ಲಿಗೇ ಬಂದು ತಾಗುತ್ತಿತ್ತು. ಇಳಿತದ ದಿನ ಗೆರೆ ಮೊಣಕಾಲಿನ ಹತ್ತಿರ ಬಂದಿರುತ್ತಿತ್ತು. ಅಂದು ದೋಣಿಯಿಂದ ಇಳಿದು ಕಪ್ಪು ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಬರಬೇಕು. ನಾವು ಮಕ್ಕಳು ಶಾಲೆಯ ಜಗಲಿಯಲ್ಲಿ ಕೂತು, ಅಕ್ಕೋರ ಸೀರೆ ನೋಡಿ, ಸಂಜೆ ಚಿಪ್ಪಿ ಹೆಕ್ಕಲು ಹೋಗಬಹುದೋ ಇಲ್ಲವೋ ಎಂದು ಹೇಳುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. "ನನ್ನ ಸೀರೆ ನೋಡಿದ್ದು ಸಾಕು, ಪುಸ್ತಕ ನೋಡಿ" ಎಂದು ಒಳಗೆ ಬರುತ್ತಿದ್ದರು.

ನಮ್ಮದು ಕುರ್ವೆ. ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಶರಾವತಿ ಸಮುದ್ರ ಸೇರುವ ಅಳಿವೆಯ ಹತ್ತಿರ, ಹೊನ್ನಾವರದ ಎದುರಿಗೆ. ಶಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು. ಕುರ್ವೆಯ ಶಾಲೆ ಏಳನೆಯ ತನಕ, ಮತ್ತು ಅಲ್ಲಿಗೆ ಹೆಡ್ ಆಗಿದ್ದವರು ಇವರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಇತ್ತು, ಆದರೆ ಆ ಹೆಸರು ಇಲಾಖೆಯ ಕಾಗದಗಳಿಗೆ ಮಾತ್ರ. ನಮಗೆ ಪ್ರಪಂಚದಲ್ಲಿ ಒಬ್ಬರೇ ಅಕ್ಕೋರು.

ಎತ್ತರದ, ಒಣಗಿದ ಮೈಯ ಹೆಂಗಸು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನನ್ನ ಅಜ್ಜಿಗೂ ಇರಲಿಲ್ಲ. ಹೊನ್ನಾವರದ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಧಾರೇಶ್ವರದ ತಮ್ಮನ ಮನೆ, ಸೋಮವಾರ ಬೆಳಿಗ್ಗೆ ಮತ್ತೆ ನಮ್ಮ ದೋಣಿ. ಬಾಯಲ್ಲಿ ಒಣಗಿಸಿದ ನೆಲ್ಲಿಕಾಯಿಯ ಚೂರು. ಸಿಟ್ಟು ಬಂದರೆ ಅದನ್ನು ಎಡದವಡೆಯಿಂದ ಬಲದವಡೆಗೆ ತಳ್ಳುತ್ತಿದ್ದರು, ಅಷ್ಟರಲ್ಲಿ ನಾವು ಕೂತಲ್ಲೇ ನೆಟ್ಟಗಾಗಬೇಕು. ಹೊಡೆದದ್ದನ್ನು ನಾನು ಕಂಡಿಲ್ಲ. ಆ ನೆಲ್ಲಿಕಾಯಿಯೇ ಸಾಕಾಗುತ್ತಿತ್ತು.

ಇಂಥ ಹೆಂಗಸಿಗೆ ನೀರೆಂದರೆ ಪ್ರಾಣಭಯ. ಈಜು ಬರುತ್ತಿರಲಿಲ್ಲ. ದೋಣಿ ಹತ್ತಿದ ಕೂಡಲೇ ನಡುವಿನ ಹಲಗೆ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತುಬಿಡುತ್ತಿದ್ದರು. ಅಕ್ಕೋರು ಧಾರೇಶ್ವರನಿಗೆ ಮೊರೆ ಇಡುತ್ತಾರೆಂದು ಊರವರೆಲ್ಲ ನಂಬಿದ್ದರು. ಒಂದು ದಿನ ಹತ್ತಿರ ಕೂತು ಕಿವಿಗೊಟ್ಟು ಕೇಳಿದರೆ ಅದು ಹದಿನಾರರ ಮಗ್ಗಿ! ನಾನು ನಕ್ಕದ್ದು ಗೊತ್ತಾಗಿ ಒಂದು ಕಣ್ಣು ಮಾತ್ರ ತೆರೆದರು.

"ಎಂತದೆ ನಗೂದು? ದೇವರಿಗೆ ಹೇಳಿದ್ರೆ ಮನಸ್ಸು ಮತ್ತೆ ನೀರಿಗೇ ಹೋತದೆ. ಹದಿನಾರರ ಮಗ್ಗಿ ಹೇಳೂಕೆ ಮಂಡೆ ಬೇಕು. ಅದು ಮುಗಿಯೂದ್ರೊಳಗೆ ದಡ ಬತ್ತದೆ."

ಹೀಗೆ ಹೆದರಿಕೊಂಡೇ ದಿನಕ್ಕೆ ಎರಡು ಸಲ ಹೊಳೆ ದಾಟಿದರು, ಮಳೆಗಾಲದ ಕೆಂಪು ನೀರಿನಲ್ಲಿಯೂ. ವರ್ಗ ಕೇಳಿದ್ದರೆ ಯಾವತ್ತೋ ಸಿಗುತ್ತಿತ್ತು. ಅವರು ಕೇಳಲಿಲ್ಲ.

ಈಗ ನನ್ನ ಮಾತು ಸ್ವಲ್ಪ. ನಾನು ರೈಲಿನಲ್ಲಿ ಟಿ.ಸಿ. ಕರಿ ಕೋಟು ಹಾಕಿ ಟಿಕೆಟ್ ಕೇಳುವವಳು. ದಿನವಿಡೀ ಸುಳ್ಳು ಕೇಳುವ ಕೆಲಸ. ಟಿಕೆಟ್ ಇಲ್ಲದವನ ಅಜ್ಜಿ ಯಾವಾಗಲೂ ಆಸ್ಪತ್ರೆಯಲ್ಲೇ ಇರುತ್ತಾಳೆ, ಅವಳು ಗುಣವಾಗಿ ಮನೆಗೆ ಬಂದದ್ದನ್ನು ನಾನು ಕೇಳಿಲ್ಲ. ಆದರೆ ಈ ಕೋಟು ನನ್ನ ಮೈಮೇಲೆ ಬರುವ ಮೊದಲು ನನ್ನ ಬದುಕಿನಲ್ಲಿ ಇನ್ನೊಂದು ಟಿ.ಸಿ. ಬಂದಿತ್ತು. ಶಾಲೆ ಬಿಡುವಾಗ ಕೊಡುವ ಕಾಗದ. ಅದರ ಮೇಲೆ ಅಕ್ಕೋರಿಗೂ ನನ್ನ ಅಮ್ಮನಿಗೂ ನಡೆದ ಜಗಳದಿಂದಲೇ ನಾನು ಇವತ್ತು ಇಲ್ಲಿದ್ದೇನೆ.

ನಮ್ಮ ಕುರ್ವೆಯಲ್ಲಿ ಆ ಕಾಗದದ ಬಗ್ಗೆ ಒಂದು ವಿಚಿತ್ರ ಪದ್ಧತಿ ಇತ್ತು. ಬೇರೆ ಊರಲ್ಲಿ ಟಿ.ಸಿ. ತೆಗೆದುಕೊಳ್ಳುವುದು ಇನ್ನೊಂದು ಶಾಲೆಗೆ ಕೊಡಲಿಕ್ಕೆ. ನಮ್ಮಲ್ಲಿ ಅದು ಮನೆಗೆ ತಂದು ಇಟ್ಟುಕೊಳ್ಳಲಿಕ್ಕೆ. ಏಳನೆಯದು ಮುಗಿದ ಹುಡುಗಿಯ ತಾಯಿ ಒಳ್ಳೆಯ ದಿನ ನೋಡಿ, ತೊಳೆದ ಸೀರೆ ಉಟ್ಟು ಶಾಲೆಗೆ ಹೋಗಿ ಟಿ.ಸಿ. ತರುತ್ತಿದ್ದಳು. ಅದನ್ನು ದೇವರ ಪಟದ ಕೆಳಗೆ ಇಟ್ಟು ಕುಂಕುಮ ಹಚ್ಚಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಅಲ್ಲಿಗೆ ವಿದ್ಯೆ ಪೂರ್ತಿಯಾಯಿತು! ಗಂಡಿನ ಕಡೆಯವರು ಬಂದಾಗ "ನಮ್ಮ ಹುಡುಗಿದು ಟಿ.ಸಿ. ಆಗಿದೆ" ಎಂದು ಹೇಳುವುದೊಂದು ಗತ್ತು. ಹೈಸ್ಕೂಲಿಗೆ ಸೇರಿಸಿದರೆ ಆ ಕಾಗದವನ್ನು ಅವರಿಗೆ ಕೊಟ್ಟುಬಿಡಬೇಕು. ಏಳು ವರ್ಷ ಕಷ್ಟಪಟ್ಟು ಗಳಿಸಿದ್ದನ್ನು ಯಾರೋ ಗುಮಾಸ್ತನ ಕೈಗೆ ಕೊಟ್ಟು ಬರುವುದುಂಟೇ? ನಗಬೇಡಿ. ಕಾಗದವೇ ಇಲ್ಲದ ಮನೆಗಳಲ್ಲಿ ಹೆಸರು ಬರೆದು ಮೊಹರು ಹಾಕಿದ ಮೊದಲ ಕಾಗದ ಅದು.

ಅಕ್ಕೋರು ಬಂದ ಮೇಲೆ ಈ ಪದ್ಧತಿಗೆ ಅಡ್ಡ ನಿಂತರು. ತಂದೆ ತಾಯಿಯ ಸಹಿ ಹಾಕಿಸಿಕೊಳ್ಳುವುದು, ಟಿ.ಸಿ. ಮಾತ್ರ ಯಾರ ಕೈಗೂ ಕೊಡದಿರುವುದು. ಜೂನ್ ಬಂದಾಗ ತಾವೇ ಒಬ್ಬೊಬ್ಬ ಹುಡುಗಿಯನ್ನು ದೋಣಿ ಹತ್ತಿಸಿ, ಅವಳ ಟಿ.ಸಿ.ಯನ್ನು ಹೊಟ್ಟೆಗೆ ಅವಚಿಕೊಂಡು ಹೊಳೆ ದಾಟಿಸಿ, ಹೈಸ್ಕೂಲಿನ ಗುಮಾಸ್ತರ ಮೇಜಿನ ಮೇಲೆ ಇಡುವುದು. ಕೆಲವು ತಾಯಂದಿರು ಒಪ್ಪಿದರು. ಕೆಲವರು ಸಹಿಯನ್ನೇ ಹಾಕದೆ ಹೋದರು. ಸಹಿ ಇಲ್ಲದೆ ಟಿ.ಸಿ. ಇಲ್ಲ, ಟಿ.ಸಿ. ಇಲ್ಲದೆ ಹೈಸ್ಕೂಲೂ ಇಲ್ಲ. ನನ್ನ ಸರದಿ ಬಂದಾಗ ನನಗೆ ಎರಡೂ ಕಡೆಯ ಹೆದರಿಕೆ.

ನನ್ನ ಅಮ್ಮ ಸಾಮಾನ್ಯದ ಹೆಂಗಸಲ್ಲ. ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಮನೆ ಮನೆಗೆ ಮಾರುತ್ತಿದ್ದವಳು. ಚೌಕಾಸಿಯಲ್ಲಿ ಅವಳನ್ನು ಸೋಲಿಸಿದ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಅಪ್ಪ ಬೋಟಿಗೆ ಹೋಗುವವ, ಮನೆಯಲ್ಲಿದ್ದಾಗ ಅಮ್ಮ ಹೇಳಿದ್ದಕ್ಕೂ ತಲೆ ಆಡಿಸುವವ, ನಾನು ಹೇಳಿದ್ದಕ್ಕೂ ತಲೆ ಆಡಿಸುವವ. ಮೂರು ವರ್ಷದ ತಮ್ಮನೊಬ್ಬನಿದ್ದ. ಅಮ್ಮ ಬುಟ್ಟಿ ಹೊತ್ತು ಹೋದರೆ ಅವನನ್ನು ನೋಡುತ್ತಿದ್ದ ಅಜ್ಜಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಇನ್ನು ಅವನನ್ನು ನೋಡಬೇಕಾದವಳು ನಾನು. ಇದರಲ್ಲಿ ಯಾರದೂ ದುಷ್ಟತನವಿಲ್ಲ, ನಮ್ಮ ಮನೆಯ ಪರಿಸ್ಥಿತಿ ಹಾಗಿತ್ತು.

ಜೂನಿನ ಮೊದಲ ವಾರ ಅಮ್ಮ ತೊಳೆದ ಸೀರೆ ಉಟ್ಟು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನನ್ನನ್ನು ಹಿಂದೆ ಹಾಕಿಕೊಂಡು ಶಾಲೆಗೆ ಬಂದಳು.

"ಅಕ್ಕೋರೆ, ನಮ್ಮ ಹುಡುಗಿ ಟಿ.ಸಿ. ಕೊಡಿ."

"ಎಂತಕೆ?"

"ಎಂತಕೆ ಅಂದ್ರೆ? ಮನೇಲಿ ಇಡೂಕೆ."

"ಮನೇಲಿ ಕಟ್ಟಿ ಇಡೂಕೆ ಅದೆಂತ ಒಣಮೀನಾ, ಮಳೆಗಾಲಕ್ಕೆ ಬೇಯ್ಸಿ ತಿಂತ್ರಾ?" ನೆಲ್ಲಿಕಾಯಿ ಬಲದವಡೆಗೆ ಹೋಯಿತು. "ಟಿ.ಸಿ. ನಾ ಕೊಡೂದಿಲ್ಲ. ಸಹಿ ಹಾಕಿ ಹೋಗು. ಹುಡುಗಿನ ನಾನೇ ಹೊಳೆ ದಾಟ್ಸಿ ಸೇರಿಸ್ತೆ."

ಅಮ್ಮ ಜೋರು ಮಾಡುತ್ತಾಳೆಂದು ನಾನು ಎಣಿಸಿದ್ದೆ. ಅವಳು ಮಾಡಲಿಲ್ಲ. ತಮ್ಮನನ್ನು ಕೆಳಗಿಳಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ಅಕ್ಕೋರೆ, ನಂಗೆ ಅಕ್ಷರ ಬತ್ತಿರಲಿಲ್ಲ. ಈ ವರ್ಷ ಇವಳ ಹತ್ರ ಕೂತು ನನ್ನ ಹೆಸರು ಬರಿಯೂಕೆ ಕಲ್ತೆ. ಹೆಬ್ಬೆಟ್ಟು ಒತ್ತೂಕಿಲ್ಲ ಅಂತ. ಮಗಳ ಟಿ.ಸಿ.ಗೆ ಸಹಿ ಹಾಕಿ ನನ್ನ ಕೈಲಿ ತಕಂಡು ಹೋಗಬೇಕು ಅಂತ. ನೀವು ನೋಡಿದ್ರೆ ಒಣಮೀನು ಅಂತ್ರಿ."

ಅದು ನಿಜ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಬುಟ್ಟಿ ತೊಳೆದಿಟ್ಟು ನನ್ನ ಹಳೆಯ ಪಾಟಿಯ ಮೇಲೆ ಅಮ್ಮ ಬರೆದು ಬರೆದು ಒರೆಸುತ್ತಿದ್ದಳು. ನಾನು ಹುಡುಗಾಟಕ್ಕೆ ಎಂದುಕೊಂಡಿದ್ದೆ. ಅಕ್ಕೋರು ಬಾಯೊಳಗಿನ ನೆಲ್ಲಿಕಾಯಿಯನ್ನು ತೆಗೆದು ಕಿಟಕಿಯಿಂದ ಹೊರಗೆ ಹಾಕಿದರು. ಅವರು ಹಾಗೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

"ತಪ್ಪು ಮಾತಾಡಿದೆ ಮಾರಾಯ್ತಿ. ಕೂತ್ಕೊ" ಎಂದರು. ಅಮ್ಮನಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ಅಮ್ಮ ಅದರ ತುದಿಯಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದಳು. ಅಕ್ಕೋರು ಟಿ.ಸಿ.ಯನ್ನು ಅವಳ ಎರಡೂ ಕೈಯಲ್ಲಿಟ್ಟರು. "ತಕ. ನಿನ್ನ ಕೈಲೇ ಕೊಟ್ಟೆ. ಇವತ್ತು ದೇವರ ಹತ್ರ ಇಡು. ನಾಳೆ ಬೆಳಿಗ್ಗೆ ದೋಣಿ ಹತ್ರ ತಂದು ನಂಗೆ ಕೊಡು."

"ಕೊಡೂಕಾಗೂದಿಲ್ಲ ಅಕ್ಕೋರೆ. ಸಣ್ಣವನ ಯಾರು ನೋಡೂದು? ನಾ ಬುಟ್ಟಿ ಹೊರದೆ ಇದ್ರೆ ಒಲೆ ಹೊತ್ತೂದಿಲ್ಲ."

ಅಕ್ಕೋರು ತಮ್ಮನನ್ನು ನೋಡಿದರು. ಅವನು ಅಷ್ಟರಲ್ಲಿ ಅವರ ಕೊಡೆಯನ್ನು ಅರ್ಧ ಬಿಚ್ಚಿ ಅದರೊಳಗೆ ಹೊಕ್ಕಾಗಿತ್ತು.

"ಸಣ್ಣವನ್ನ ನಂಗೆ ಕೊಡು."

"ಹ್ಞಾ?"

"ಬೆಳಿಗ್ಗೆ ಶಾಲೆಗೆ ಬಿಟ್ಟು ಹೋಗು. ನೀ ಬರೂವರೆಗೆ ನನ್ನ ಹತ್ರ ಇರ್ತ."

"ಅಂವ ಕೂತಲ್ಲೇ ಉಚ್ಚೆ ಹೊಯ್ತ ಅಕ್ಕೋರೆ."

"ಹೊಯ್ಲಿ. ಮಳೆಗಾಲ, ಹೇಗೂ ನೆಲ ಒದ್ದೆ."

ಅಮ್ಮ ಚೌಕಾಸಿಯಲ್ಲಿ ಸೋತದ್ದನ್ನು ನಾನು ಅವತ್ತು ನೋಡಿದೆ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮನೆಗೆ ಬಂದು ಟಿ.ಸಿ.ಯನ್ನು ಪಟದ ಕೆಳಗಿಟ್ಟು, ಮೂಲೆಯಲ್ಲಿ ಕುಂಕುಮ ಹಚ್ಚಿ ಅದರ ಮುಂದೆಯೇ ಕೂತಳು. ಪೆಟ್ಟಿಗೆಯ ಮುಚ್ಚಳ ತೆಗೆದೇ ಇತ್ತು. ನಾಳೆ ಏನು ಮಾಡುತ್ತಾಳೆ ಎಂದು ಅಪ್ಪನ ಮುಖ ನೋಡಿದೆ. ಅವನು ತಲೆ ಆಡಿಸಿದ.

ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯ ಮುಚ್ಚಳ ಹಾಕಿತ್ತು, ಪಟದ ಕೆಳಗೆ ಕಾಗದ ಇರಲಿಲ್ಲ. ಆಯಿತು, ಮುಗಿಯಿತು ಎಂದುಕೊಂಡೆ. ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಆಗ ಅಮ್ಮ ಹೊರಗಿನಿಂದ ಕೂಗಿದಳು: "ಎಲ್ಲಿ ಸತ್ತ್ಯೆ? ಅಕ್ಕೋರು ಕಾಯ್ತಾ ಇದ್ದೊ, ಇಳಿತ ಆದ್ರೆ ಕೆಸರು ತುಳೀಬೇಕು." ಟಿ.ಸಿ. ಅವಳ ಮಡಿಲಿನಲ್ಲಿತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಇವತ್ತಿಗೂ ಅಮ್ಮನ ಆ ಬೈಗಳು ನೆನಪಾದರೆ ನನಗೆ ಕಣ್ಣು ತುಂಬುತ್ತದೆ.

ಆ ದಿನವೇ ಇನ್ನೊಂದು ವಿಶೇಷ. ಮೊದಲ ಮಳೆಯ ಸಿಡಿಲಿಗೆ ಕುರ್ವೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಎಲ್ಲರ ಮನೆಯಲ್ಲೂ ಚಿಮಣಿ ದೀಪ ಬಂದಿತ್ತು. ಆ ಟ್ರಾನ್ಸ್‌ಫಾರ್ಮರಿಗೂ ಊರಲ್ಲಿ ಟಿ.ಸಿ. ಎಂದೇ ಹೆಸರು. ಹೊಸದು ಅವತ್ತು ಬರುವುದಿತ್ತು. ಎರಡು ದೋಣಿ ಜೋಡಿಸಿ ಹಲಗೆ ಕಟ್ಟಿ, ಅದರ ಮೇಲೆ ಆ ಕಬ್ಬಿಣದ ಗುಡಾಣವನ್ನು ಕೂರಿಸಿ, ಏಳೆಂಟು ಮಂದಿ ಆಚೆ ದಡದಲ್ಲಿ ಹಿಡಿದು ನಿಂತಿದ್ದರು. ದೋಣಿ ನಡೆಸುವ ಅಣ್ಣ ಹುಟ್ಟು ಎತ್ತಿ ಹಿಡಿದು ಹೇಳಿದ: "ಅಕ್ಕೋರೆ, ಸ್ವಲ್ಪ ನಿಲ್ಲೂವಾ. ಟಿ.ಸಿ. ಬತ್ತಾ ಅದೆ."

"ನನ್ನ ಟಿ.ಸಿ. ಹೋಗ್ತಾ ಅದೆ. ಅದು ಬಂದ್ರೆ ಮನೇಲಿ ದೀಪ ಹತ್ತುದು, ನಿಂತ್ರೆ ನಾಳೆ ಬಂದ್ರೂ ಆತು. ಇದು ಇವತ್ತು ಹೋಗಬೇಕು. ಬಿಡು ದೋಣಿ."

ಅವನು ಆಚೆಗೆ ಕೂಗಿ ಹೇಳಿದ. ಟ್ರಾನ್ಸ್‌ಫಾರ್ಮರ್ ನಿಂತಿತು, ನಮ್ಮ ದೋಣಿ ಹೊರಟಿತು. ದಡದಲ್ಲಿ ಅಮ್ಮ ತಮ್ಮನ ಕೈ ಹಿಡಿದು ನಿಂತಿದ್ದಳು. ಅಕ್ಕೋರು ಮಾಮೂಲಿನಂತೆ ಹಲಗೆ ಹಿಡಿಯಲಿಲ್ಲ. ಎರಡೂ ಕೈಯಲ್ಲಿ ಟಿ.ಸಿ.ಯನ್ನು ಹೊಟ್ಟೆಗೆ ಒತ್ತಿ, ಮೇಲೆ ಸೆರಗು ಹೊದ್ದು, ಬೆನ್ನು ಬಾಗಿಸಿ ಕೂತಿದ್ದರು. ನೀರು ಚಿಮ್ಮಿದರೆ ಅವರ ಬೆನ್ನಿಗೆ ಚಿಮ್ಮಬೇಕು. "ನನ್ನ ಹತ್ರ ಕೊಡಿ ಅಕ್ಕೋರೆ, ನೀವು ಹಲಗೆ ಹಿಡೀರಿ" ಎಂದೆ. ಕಣ್ಣು ಮುಚ್ಚಿಯೇ ತಲೆ ಅಲ್ಲಾಡಿಸಿದರು. ಹದಿನಾರಾರಲೆ ತೊಂಬತ್ತಾರು ನಡೆಯುತ್ತಿತ್ತು.

ಹೈಸ್ಕೂಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಇದೆಂತ ಅಕ್ಕೋರೆ, ಟಿ.ಸಿ. ಮೇಲೆ ಕೆಂಪು?"

"ಅದು ಅವಳ ತಾಯಿ ಹಾಕಿದ ಮೊಹರು. ನಿಮ್ಮ ಮೊಹರು ಅದರ ಪಕ್ಕಕ್ಕೆ ಹಾಕಿ."

ಕಾಗದ ಮೇಜಿನ ಮೇಲಿತ್ತು, ಅಕ್ಕೋರ ಬೆರಳುಗಳು ಕಾಗದದ ಮೇಲಿದ್ದವು. ಗುಮಾಸ್ತರು ದಾಖಲಾತಿ ಪುಸ್ತಕ ತೆಗೆದು ಬರೆಯತೊಡಗಿದರು. "ಹೆಸರು ಬಿತ್ತಾ?" ಎಂದರು ಅಕ್ಕೋರು. "ಬರೀತಾ ಇದ್ದೆ." ಸ್ವಲ್ಪ ತಡೆದು ಮತ್ತೆ, "ಬಿತ್ತಾ?" "ಬಿತ್ತು ಮಾರಾಯ್ರೆ, ಇಲ್ಲಿ ನೋಡಿ." ಅವರು ಪುಸ್ತಕವನ್ನು ತಿರುಗಿಸಿ ನೋಡಿದರು. ನನ್ನ ಹೆಸರು ಓದಿದರು. ಆಮೇಲೆ ಬೆರಳು ಎತ್ತಿದರು. ಹೊರಗೆ ಬಂದು ಸೀರೆ ಹಿಂಡಿಕೊಳ್ಳುತ್ತ ನನಗೆ ಹೇಳಿದರು: "ಹೆಸರು ಬೀಳೂ ತನಕ ಕೈ ಬಿಡೂಕಿಲ್ಲ ತಂಗಿ. ಬಿದ್ದ ಮೇಲೆ ಹಿಡ್ಕಳೂಕೂ ಇಲ್ಲ. ಇನ್ನು ನೀನುಂಟು, ನಿನ್ನ ಶಾಲೆ ಉಂಟು."

ಅವತ್ತು ಸಂಜೆ ನಾನು ಮರಳುವಾಗ ಕುರ್ವೆಯಲ್ಲಿ ದೀಪ ಹತ್ತಿತ್ತು.

ನನ್ನ ತಮ್ಮ ಅಕ್ಕೋರ ಮೇಜಿನ ಕೆಳಗೆ ಎರಡು ವರ್ಷ ಕಳೆದ. ಅವರ ಮಡಚಿದ ಕೊಡೆ ಅವನ ಬೋಟು. ಹೆಸರು ಬೀಳುವ ತನಕ ಕೈ ಬಿಡಬಾರದೆಂಬ ಅವರ ಮಾತು ನನ್ನಿಂದ ಕೇಳಿ ಕೇಳಿ ಅವನಿಗೂ ಬಾಯಿಪಾಠ. ಒಮ್ಮೆ ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಮೇಜಿನ ಕೆಳಗಿಂದ ಅವರ ಬೂಟಿನ ಲಾಡಿ ಬಿಚ್ಚಿದನಂತೆ. ಸಾಹೇಬರು ಬಗ್ಗಿ ನೋಡಿ ಇದು ಯಾರು ಎಂದರೆ, ಅಕ್ಕೋರು ಕಣ್ಣು ಮಿಟುಕಿಸದೆ, "ಮುಂದಿನ ಸಾಲಿನ ಅಡ್ಮಿಷನ್ ಸರ್, ಸ್ವಲ್ಪ ಬೇಗ ಬಂದದೆ" ಎಂದರಂತೆ. ಅಮ್ಮ ಪ್ರತಿದಿನ ಬುಟ್ಟಿಯಲ್ಲಿ ಬಂದ ಒಳ್ಳೆಯ ಮೀನನ್ನು ಅಕ್ಕೋರ ಹೆಸರಲ್ಲಿ ಬಾಳೆಲೆಯಲ್ಲಿ ಕಟ್ಟಿ ಇಡುತ್ತಿದ್ದಳು. ಗಿರಾಕಿಗಳು ಕಣ್ಣು ಹಾಕಿದರೆ, "ಅದು ಮಾರೂಕಿಲ್ಲ, ಅದು ಅಕ್ಕೋರದ್ದು" ಎನ್ನುತ್ತಿದ್ದಳು. ನಮ್ಮ ಕೇರಿಯ ತಾಯಂದಿರೂ ನಿಧಾನಕ್ಕೆ ಅಮ್ಮನ ದಾರಿ ಹಿಡಿದರು. ಟಿ.ಸಿ. ಒಂದು ರಾತ್ರಿ ದೇವರ ಹತ್ತಿರ, ಬೆಳಿಗ್ಗೆ ಅಕ್ಕೋರ ಹೊಟ್ಟೆಗೆ. ಹೊಸ ಪದ್ಧತಿ ಅದೇ ಆಯಿತು.

ನಾನು ಓದಿದೆ, ರೈಲಿನ ಪರೀಕ್ಷೆ ಬರೆದೆ, ಊರು ಸುತ್ತಿ ಕೊನೆಗೆ ನಮ್ಮ ಕರಾವಳಿಯ ಗಾಡಿಗೇ ಬಂದೆ. ಅಕ್ಕೋರು ಅಷ್ಟರಲ್ಲಿ ನಿವೃತ್ತಿಯಾಗಿ ಧಾರೇಶ್ವರದಲ್ಲಿ ತಮ್ಮನ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಕುಮಟಾ ನಿಲ್ದಾಣದಲ್ಲಿ ಗಾಡಿ ಹೊರಡುವ ಹೊತ್ತಿಗೆ ಯಾರೋ ಹಿಂದಿನಿಂದ ನನ್ನ ಕೋಟು ಎಳೆದರು. ನೋಡಿದರೆ ಅಕ್ಕೋರು, ಡಬ್ಬಿಯ ಒಳಗೆ ನಿಂತಿದ್ದಾರೆ! ತಮ್ಮನ ಮನೆಯ ಸೊಸೆಯನ್ನು ಇನ್ನೊಂದು ಗಾಡಿ ಹತ್ತಿಸಲು ಬಂದವರು ಕರಿ ಕೋಟಿನಲ್ಲಿ ನನ್ನನ್ನು ಕಂಡು, ಹಿಂದೆ ಮುಂದೆ ನೋಡದೆ ಹತ್ತಿಬಿಟ್ಟಿದ್ದರು. ಗಾಡಿ ಹೊರಟೂಬಿಟ್ಟಿತು.

"ನಿನ್ನ ಗಾಡೀಲಿ ಒಂದ್ ಸಲ ಕೂರೂವಾ ಅನ್ಸಿತು. ಟಿಕೆಟ್ ಇಲ್ಲ. ದಂಡ ಹಾಕು."

"ನೀವು ಸುಮ್ನೆ ಕೂತ್ಕಳಿ ಅಕ್ಕೋರೆ. ನಾ ಕಟ್ತೆ."

"ನೀ ಕಟ್ಟಿದ್ರೆ ಅದು ದಂಡ ಆಗೂದಿಲ್ಲ, ಔತಣ ಆತದೆ. ರಸೀದಿ ಹರಿ."

ಡಬ್ಬಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ರಸೀದಿ ಹರಿದೆ. ಅಕ್ಕೋರು ಅದನ್ನು ತಿರುಗಿಸಿ ಮುರುಗಿಸಿ ಓದಿ, ಎದುರು ಕೂತ ಮುರ್ಡೇಶ್ವರದ ಯಾತ್ರಿಕರಿಗೆ ತೋರಿಸಿದರು. "ನೋಡಿ, ನಮ್ಮ ಹುಡುಗಿ. ನಾ ಕಲ್ಸಿದ್ದು. ನಂಗೇ ದಂಡ ಹಾಕ್ತು." ಆಮೇಲೆ ಧಾರೇಶ್ವರದಲ್ಲಿ ಮನೆಗೆ ಬಂದವರಿಗೆಲ್ಲ ಆ ರಸೀದಿ ತೋರಿಸುತ್ತಿದ್ದರಂತೆ.

ಹೊನ್ನಾವರ ದಾಟಿ ಗಾಡಿ ಶರಾವತಿಯ ಸೇತುವೆಗೆ ಬಂತು. ನಾನು ಅವರ ಪಕ್ಕ ಹೋಗಿ ಕೂತೆ. ಮಗ್ಗಿ ಶುರುವಾಗುತ್ತದೆ ಎಂದುಕೊಂಡಿದ್ದೆ. ಆದರೆ ಅವರು ಕಿಟಕಿಯ ಸರಳು ಹಿಡಿದು ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಕೆಳಗೆ ಕುರ್ವೆ, ತೆಂಗಿನ ಮರಗಳು, ನೀರಿನ ಮೇಲೆ ಎಲ್ಲೋ ಒಂದು ದೋಣಿ.

"ಇಷ್ಟ್ ಚಂದ ಇತ್ತಾ ಇದು?" ಎಂದರು. "ನಾ ಒಂದ್ ಸಲನೂ ನೋಡಲೇ ಇಲ್ಲ ನೋಡು."

ನಾನು ಅವರ ಕೈ ಹಿಡಿದುಕೊಂಡೆ. ಟಿ.ಸಿ.ಗಳು ಹಾಗೆ ಪ್ರಯಾಣಿಕರ ಕೈ ಹಿಡಿದು ಕೂರುವ ನಿಯಮವಿಲ್ಲ, ನನಗೆ ಗೊತ್ತು.

ಕಳೆದ ವರ್ಷ ಅವರಿಗೆ ಜ್ವರ ಬಿಡದೆ ಬರತೊಡಗಿತು. ಕುಮಟಾದಲ್ಲಿ ರಕ್ತ ಪರೀಕ್ಷೆ ಮಾಡಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಪರೀಕ್ಷೆ ಮಾಡಿದ ಹುಡುಗ, "ಟಿ.ಸಿ. ತುಂಬ ಜಾಸ್ತಿ ಇದೆ, ಡಾಕ್ಟರಿಗೆ ತೋರಿಸಿ" ಎಂದು ಮೆಲ್ಲಗೆ ನನಗೆ ಹೇಳಿದ. ರಕ್ತದ ಬಿಳಿ ಕಣಗಳ ಲೆಕ್ಕವಂತೆ. ಅಕ್ಕೋರಿಗೆ ಕೇಳಿಸಿತು. "ಇದೊಂದು ಬಾಕಿ ಇತ್ತು ನೋಡು" ಎಂದರು. "ನಾ ಬರೆದ ಟಿ.ಸಿ., ಸಿಡಿಲಿಗೆ ಸುಟ್ಟ ಟಿ.ಸಿ., ಕೋಟು ಹಾಕಿದ ಟಿ.ಸಿ. ಈಗ ಇದು. ಇಂಗ್ಲಿಷಿನವರಿಗೆ ಅಕ್ಷರಕ್ಕೆ ಬರಗಾಲವಾ ಎಂತ?" ಆ ಹುಡುಗ ನಕ್ಕ. ನಾನು ನಗಲಿಲ್ಲ. ದಿನಾ ಸುಳ್ಳು ಕೇಳುವವಳಿಗೆ, ಧೈರ್ಯದ ಸುಳ್ಳೂ ಗೊತ್ತಾಗುತ್ತದೆ.

ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವುದು ನಡೆಯಿತು. ನನ್ನ ಗಾಡಿ ಇದ್ದ ದಿನ ನಾನು ಜೊತೆಗೆ. ನನ್ನ ಮಗಳು ಅವರಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಿದ್ದಳು, ಕೊನೆಗೆ ಟಿ.ಸಿ. ಎಂದು ಎರಡಕ್ಷರ ಒತ್ತುತ್ತಿದ್ದಳು. ಹುಷಾರು ಎನ್ನಲಿಕ್ಕೆ ಈಗಿನ ಮಕ್ಕಳು ಹಾಗೆ ಬರೆಯುತ್ತಾರೆ, ಟೇಕ್ ಕೇರ್ ಎನ್ನುವುದನ್ನು ಮೊಟಕು ಮಾಡಿ. ಅಕ್ಕೋರಿಗೆ ಅದು ಸೇರಲಿಲ್ಲ. "ಆ ಮಾತಿಗೂ ಪುರುಸೊತ್ತಿಲ್ವಾ? ಪೂರ್ತಿ ಬರೀ" ಎಂದು ಅವಳಿಗೆ ಮರುಸಂದೇಶ ಬಂತು. ಅವರು ಮಾತ್ರ ಒಂದೊಂದೇ ಅಕ್ಷರ ಹುಡುಕಿ ಪೂರ್ತಿಯೇ ಬರೆಯುತ್ತಿದ್ದರು. ನನಗೆ ಅವರಿಂದ ಬಂದ ಕೊನೆಯದು ನನ್ನ ಫೋನಿನಲ್ಲಿ ಇನ್ನೂ ಇದೆ: "ಜಾಗ್ರತೆ ತಂಗಿ. ದೋಣಿಯಲ್ಲಿ ನಿಲ್ಲಬೇಡ, ಕೂತಿರು."

ನಾನು ದೋಣಿ ಹತ್ತದೆ ಎಷ್ಟೋ ಕಾಲವಾಗಿತ್ತು. ಮದ್ದಿನ ಮಂಪರಿನಲ್ಲಿ ಯಾವ ವರ್ಷದ ನನಗೆ ಬರೆದರೋ.

ಅವರು ಹೋದ ಸುದ್ದಿ ಬಂದಾಗ ನಾನು ಗಾಡಿಯಲ್ಲಿದ್ದೆ. ಕೆಲಸ ಮುಗಿಸಿ ಧಾರೇಶ್ವರಕ್ಕೆ ಹೋಗುವಷ್ಟರಲ್ಲಿ ಎಲ್ಲ ಆಗಿತ್ತು. ಮೂರನೆಯ ದಿನ ಕುರ್ವೆಯ ಹೆಂಗಸರು ಒಟ್ಟಾಗಿ ಬಂದರು. ಒಬ್ಬಳು ದಾದಿ, ಒಬ್ಬಳು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ಇಬ್ಬರು ಮೀನಿನ ವ್ಯಾಪಾರ ಮಾಡುವವರು. ಎಲ್ಲರೂ ಒಂದು ಕಾಲಕ್ಕೆ ಆ ಹೊಟ್ಟೆಗೆ ಒತ್ತಿದ ಕಾಗದದ ಹಿಂದೆ ಹೊಳೆ ದಾಟಿದವರು. ಅಮ್ಮನೂ ಕೋಲೂರಿಕೊಂಡು ಬಂದಿದ್ದಳು. ಅವಳೇ ಅಕ್ಕೋರ ತಮ್ಮನನ್ನು ಕೇಳಿದಳು: "ಸಮುದ್ರಕ್ಕೆ ಬಿಡೂದು ನಿಮ್ಮ ಶಾಸ್ತ್ರ. ನಾವು ಬೇಡ ಅನ್ನೂದಿಲ್ಲ. ಒಂದ್ ಹಿಡಿ ಬೂದಿ ನಮ್ಮ ಹೊಳೆಗೆ ಕೊಡಿ." ಆ ಪುಣ್ಯಾತ್ಮ ಒಳಗೆ ಹೋಗಿ ಒಂದು ಸಣ್ಣ ಗಡಿಗೆ ತಂದು ಅಮ್ಮನ ಮುಂದೆ ಹಿಡಿದರು. ಅಮ್ಮ ನನ್ನ ಕಡೆ ತೋರಿಸಿದಳು.

ದೋಣಿ ನನ್ನ ತಮ್ಮನದು. ಮೇಜಿನ ಕೆಳಗೆ ಕೊಡೆಯ ಬೋಟು ಬಿಟ್ಟವನಿಗೆ ಈಗ ಎಂಜಿನ್ ದೋಣಿ ಇದೆ. ಅವತ್ತು ಎಂಜಿನ್ ಹಾಕಲಿಲ್ಲ, ಹುಟ್ಟು ಹಾಕಿದ. ನಾನು ನಡುವಿನ ಹಲಗೆಯ ಮೇಲೆ ಕೂತೆ. ಗಡಿಗೆಗೆ ಪ್ಲಾಸ್ಟಿಕ್ ಸುತ್ತಿ, ಹೊಟ್ಟೆಗೆ ಒತ್ತಿ, ಮೇಲೆ ಸೆರಗು ಹೊದ್ದು, ಬೆನ್ನು ಬಾಗಿಸಿದೆ. ಹಾಗೆ ಕೂರಬೇಕೆಂದು ಯೋಚಿಸಿದ್ದಲ್ಲ, ಮೈಗೆ ಅದೇ ಬಂತು. "ಅಲೆ ಅದೆ ಅಕ್ಕ, ಅದನ್ನ ಇಲ್ಲಿ ಕೊಡು, ನೀ ಹಲಗೆ ಹಿಡ್ಕ" ಎಂದ ತಮ್ಮ. ನಾನು ತಲೆ ಅಲ್ಲಾಡಿಸಿದೆ. ಬಾಯಲ್ಲಿ ಹದಿನಾರರ ಮಗ್ಗಿ ನಡೆಯುತ್ತಿತ್ತು. ಹಿಂದಿನ ಹಲಗೆಯಿಂದ ಯಾರೋ ಜೊತೆಗೂಡಿದರು, ಮತ್ತೆ ಇನ್ನೊಬ್ಬರು.

ಕುರ್ವೆಯ ಎದುರಿಗೆ, ನೀರು ಆಳವಾಗುವಲ್ಲಿ ತಮ್ಮ ದೋಣಿ ನಿಲ್ಲಿಸಿದ. ಭರತದ ನೀರು, ತಿಳಿಯಾಗಿತ್ತು. ಪ್ಲಾಸ್ಟಿಕ್ ಬಿಚ್ಚಿ ಗಡಿಗೆಯನ್ನು ನೀರಿಗೆ ತಾಗಿಸಿದೆ. ನೀರು ಒಳಗೆ ಬಂತು, ಭಾರವಾಯಿತು, ಕೆಳಗೆ ಎಳೆಯಿತು. ನನ್ನ ಬೆರಳು ಬಿಡಲಿಲ್ಲ. ಈಜು ಬಾರದ ಹೆಂಗಸನ್ನು ನೀರಿಗೆ ಬಿಡುವುದು ಹೇಗೆ? ತಮ್ಮ ಹುಟ್ಟು ಬದಿಗಿಟ್ಟು ನನ್ನ ಹತ್ತಿರ ಬಂದು ಕೂತ.

"ಬಿಡಕ್ಕ" ಎಂದ. "ಅಲ್ಲಿ ಅಕ್ಕೋರ ಹೆಸರು ಬಿದ್ದಿರ್ತದೆ."

ನಾನು ಬೆರಳು ಎತ್ತಿದೆ.